ಇಬ್ಬರೂ ಸರಿ, ಅದಕ್ಕೇ ಜಗಳ

ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿಯಲ್ಲಿ ಕೊಬ್ಬರಿ ಅಂದರೆ ಏನು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ, ಅದರ ಪಾಡಿಗೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಳ್ಳುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಉಂಡೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಕರಟ ಒಡೆದು, ಉಂಡೆಯನ್ನು ಸೀಳದಂತೆ ಇಡಿಯಾಗಿ ತೆಗೆದು, ಚೀಲಕ್ಕೆ ತುಂಬಿ ತಿಪಟೂರಿನ ಎಪಿಎಂಸಿಗೆ ಸಾಗಿಸುವುದು. ಮಂಗಳೂರು, ಕಾಸರಗೋಡಿನ ಕಡೆ ಹೋಗಿ ಇದನ್ನು ಹೇಳಿದರೆ ನಗುತ್ತಾರೆ. ಒಂದು ಕೊಬ್ಬರಿಗೆ ಒಂದು ವರ್ಷವೇ? ಅಲ್ಲಿ ಕಾಯಿ ಒಡೆದು, ಹೋಳುಗಳನ್ನು ಅಂಗಳದ ಬಿಸಿಲಿಗೆ ಹರಡಿ, ಒಣಗುತ್ತಿದ್ದಂತೆ ಮಿಲ್ಲಿಗೆ ಒಯ್ಯುತ್ತಾರೆ. ಅವರಿಗೆ ಕೊಬ್ಬರಿ ಎಂದರೆ ಎಣ್ಣೆ.

ಇವರಿಬ್ಬರೂ ಸೇರಿ ಒಂದೇ ಪುಟ ಬರೆಯಲು ಕೂತರು ಎಂದು ಸುಮ್ಮನೆ ಊಹಿಸಿಕೊಳ್ಳಿ. ಯಾರು ಬೇಕಾದರೂ ತಿದ್ದಬಹುದಾದ ವಿಕಿಪೀಡಿಯದಲ್ಲಿ ಕೊಬ್ಬರಿಯ ಬಗ್ಗೆ ಒಂದು ಲೇಖನ. ಕರಾವಳಿಯವರು ಮೊದಲ ಸಾಲು ಬರೆದಿದ್ದಾರೆ: ತೆಂಗಿನಕಾಯಿಯನ್ನು ಒಡೆದು ಒಣಗಿಸಿದ್ದು ಕೊಬ್ಬರಿ, ಎಣ್ಣೆ ತೆಗೆಯಲು ಬಳಸುತ್ತಾರೆ. ಹಂದನಕೆರೆಯವರು ಓದುತ್ತಾರೆ. ಒಡೆದು ಒಣಗಿಸಿದ್ದಂತೆ! ಕೈ ಸುಮ್ಮನಿರುವುದಿಲ್ಲ. ಆ ಸಾಲನ್ನು ಅಳಿಸಿ, ಅಟ್ಟದ ವಿಚಾರ ಬರೆದು, ತಿದ್ದಿದ್ದಕ್ಕೆ ಕಾರಣ ಕೊಡುವ ಜಾಗದಲ್ಲಿ ‘ತಪ್ಪು ಮಾಹಿತಿ’ ಎಂದು ಎರಡೇ ಪದ ಹಾಕುತ್ತಾರೆ. ಮಾರನೆಯ ದಿನ ಹಳೆಯ ಸಾಲು ವಾಪಸ್ ಬಂದಿರುತ್ತದೆ, ಕಾರಣ ‘ಆಧಾರ ಇಲ್ಲ’. ನಮ್ಮ ಮನೆಯ ಅಟ್ಟಕ್ಕಿಂತ ಆಧಾರ ಬೇಕೇ ಎಂದು ಇವರು ಮತ್ತೆ ತಿದ್ದುತ್ತಾರೆ. ಮನೆಯ ಅಟ್ಟ ಆಧಾರವಲ್ಲ, ನಿಯಮ ಓದಿಕೊಳ್ಳಿ ಎಂದು ಅವರು ಮತ್ತೆ ಅಳಿಸುತ್ತಾರೆ. ನಾಲ್ಕನೆಯ ಸುತ್ತಿಗೆ ವಾಟ್ಸ್ಆ್ಯಪ್ ಗುಂಪಿನಿಂದ ಇಬ್ಬರು ನೆಂಟರು ಬರುತ್ತಾರೆ. ಐದನೆಯ ಸುತ್ತಿಗೆ ಯಾರೋ ಒಬ್ಬರು ಎದುರಾಳಿಯ ಹಳೆಯ ಲೇಖನಗಳನ್ನೆಲ್ಲ ಕೆದಕಿ ಅಲ್ಲಿನ ಕಾಗುಣಿತದ ತಪ್ಪುಗಳನ್ನು ಪಟ್ಟಿ ಮಾಡಿರುತ್ತಾರೆ. ಆರನೆಯದರಲ್ಲಿ ಕರಾವಳಿಯವರು, ಬಯಲುಸೀಮೆಯವರು ಎಂಬ ಮಾತು ಬರುತ್ತದೆ. ಅಷ್ಟು ಹೊತ್ತಿಗೆ ಕೊಬ್ಬರಿಯನ್ನು ಎಲ್ಲರೂ ಮರೆತಿರುತ್ತಾರೆ.

ಈ ಕಥೆ ಕಟ್ಟಿದ್ದು ನಾನು. ಆದರೆ ಅದರ ನಡಿಗೆ ಮಾತ್ರ ಕಟ್ಟಿದ್ದಲ್ಲ. ಜನ ಸೇರಿ ಬರೆಯುವ, ಜನ ಸೇರಿ ಕೋಡ್ ಕಟ್ಟುವ, ನಕಾಶೆ ತುಂಬುವ ಯಾವ ಅಂತರ್ಜಾಲ ಬಳಗವನ್ನು ನೋಡಿದರೂ ಜಗಳ ಇದೇ ಮೆಟ್ಟಿಲುಗಳನ್ನು ಹತ್ತುತ್ತದೆ. ಮೊದಲು ಏನು ಬರೆಯಬೇಕು ಎಂಬ ಪ್ರಶ್ನೆ. ಆಮೇಲೆ ಅದನ್ನು ತೀರ್ಮಾನಿಸಲು ನೀನು ಯಾರು ಎಂಬುದು. ಕೊನೆಗೆ ನೀನು ಎಂಥವನು ಎಂಬುದು. ಮೊದಲನೆಯದಕ್ಕೆ ಪುಸ್ತಕ ತೆಗೆದು ಉತ್ತರ ಹುಡುಕಬಹುದು. ಮೂರನೆಯದಕ್ಕೆ ಯಾವ ಪುಸ್ತಕದಲ್ಲಿಯೂ ಉತ್ತರವಿಲ್ಲ, ಹಾಗಾಗಿ ಅದು ಮುಗಿಯುವುದೂ ಇಲ್ಲ.

ಕೊಬ್ಬರಿಯ ವಿಷಯದಲ್ಲಿ ಪುಸ್ತಕವೂ ಬೇಕಿರಲಿಲ್ಲ. ಕೇಂದ್ರ ಸರ್ಕಾರ ವರ್ಷವರ್ಷ ಕೊಬ್ಬರಿಗೆ ಬೆಂಬಲ ಬೆಲೆ ಘೋಷಿಸುವಾಗ ಎರಡು ದರ ಹೇಳುತ್ತದೆ. 2025ರ ಹಂಗಾಮಿಗೆ ಮಿಲ್ಲಿಂಗ್ ಕೊಬ್ಬರಿಗೆ ಕ್ವಿಂಟಲಿಗೆ 11,582 ರೂಪಾಯಿ, ಉಂಡೆ ಕೊಬ್ಬರಿಗೆ 12,100. ಕರಾವಳಿಯವರದ್ದು ಮೊದಲನೆಯದು, ನಮ್ಮದು ಎರಡನೆಯದು. ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ನನಗೆ ಮುಖ್ಯ ಅನ್ನಿಸುವುದು ಇದೇ. ಇಂಥ ಬಳಗಗಳಲ್ಲಿ ಕಿಡಿಗೇಡಿಗಳಿಂದ ಆಗುವ ಹಾನಿ ಬಲು ಕಡಿಮೆ. ಲೇಖನದ ನಡುವೆ ಬೈಗುಳ ಬರೆದು ಹೋದವನ ಸಾಲನ್ನು ಯಾರಾದರೂ ಬಂದು ಅಳಿಸುತ್ತಾರೆ, ಅದಕ್ಕೆ ಚರ್ಚೆಯೂ ನಡೆಯುವುದಿಲ್ಲ. ಜಗಳ ಉದ್ದವಾಗುವುದು ಇಬ್ಬರೂ ಪ್ರಾಮಾಣಿಕರಾಗಿದ್ದು, ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿದ್ದಾಗ. ತಪ್ಪು ಮಾಡಿದವನು ಇವತ್ತಲ್ಲ ನಾಳೆ ತೆಪ್ಪಗಾಗುತ್ತಾನೆ. ಸರಿ ಇದ್ದವನು ಯಾಕೆ ಸುಮ್ಮನಾಗಬೇಕು?

ಮೊಸರಿನ ಜಗಳ ನೋಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಮೊಸರಿನ ಲೇಖನದ ಹೆಸರಿನ ನಡುವೆ ‘ಎಚ್’ ಅಕ್ಷರ ಇರಬೇಕೋ ಬೇಡವೋ ಎಂಬ ವಾದ 2003ರಲ್ಲಿ ಶುರುವಾಗಿ 2011ರವರೆಗೆ ನಡೆಯಿತು. ಅಮೆರಿಕದವರು ಎಚ್ ಇಲ್ಲದೆ ಬರೆಯುತ್ತಾರೆ, ಬ್ರಿಟನ್ನಿನಲ್ಲಿ ಎಚ್ ಸೇರಿಸುವ ರೂಢಿ ಇದೆ. ಯಾವ ಶಬ್ದಕೋಶ ತೆಗೆದರೂ ಇಬ್ಬರಿಗೂ ಬೆಂಬಲ ಸಿಗುತ್ತಿತ್ತು. ಎಂಟು ವರ್ಷದ ಕೊನೆಗೆ ಎಚ್ ಹೋಯಿತು. ಇನ್ನೊಂದು, ‘ಸ್ಟಾರ್ ಟ್ರೆಕ್ ಇಂಟು ಡಾರ್ಕ್‌ನೆಸ್’ ಎಂಬ ಸಿನಿಮಾದ್ದು. ಆ ‘ಇಂಟು’ವಿನ ಮೊದಲ ಅಕ್ಷರ ದೊಡ್ಡದೋ ಚಿಕ್ಕದೋ ಎಂದು 2012ರ ಕೊನೆಯಿಂದ 2013ರ ಆರಂಭದವರೆಗೆ ಸುಮಾರು 40,000 ಪದಗಳ ಚರ್ಚೆ ನಡೆಯಿತು. ಸಣ್ಣದೊಂದು ಕಾದಂಬರಿಯ ಗಾತ್ರ! ವಿಕಿಪೀಡಿಯದವರೇ ಇಂಥವನ್ನೆಲ್ಲ ಗುಡ್ಡೆ ಹಾಕಿ, ತೀರಾ ಕ್ಷುಲ್ಲಕ ಜಗಳಗಳ ಪಟ್ಟಿ ಅಂತ ಒಂದು ಪುಟ ಮಾಡಿಟ್ಟುಕೊಂಡಿದ್ದಾರೆ. ತಮ್ಮನ್ನು ತಾವೇ ನಗೆಗೀಡು ಮಾಡಿಕೊಳ್ಳುವ ಈ ಗುಣ ನಮ್ಮ ಸಾಹಿತ್ಯ ಸಂಘಟನೆಗಳಿಗೂ ಬರಬಾರದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಸಣ್ಣ ವಿಷಯಕ್ಕೇ ಇಷ್ಟು ಜನ ಏಕೆ ಮುಗಿಬೀಳುತ್ತಾರೆ ಎಂಬುದಕ್ಕೆ ಬ್ರಿಟಿಷ್ ಲೇಖಕ ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ 1957ರಲ್ಲಿಯೇ ಒಂದು ವಿವರಣೆ ಕೊಟ್ಟಿದ್ದ. ಸಮಿತಿಯೊಂದರ ಮುಂದೆ ಅಣುಸ್ಥಾವರದ ಯೋಜನೆ ಬಂದರೆ ನಿಮಿಷಗಳಲ್ಲಿ ಒಪ್ಪಿಗೆ ಸಿಗುತ್ತದೆ, ಏಕೆಂದರೆ ಅದು ಅರ್ಥವಾಗುವವರು ಒಬ್ಬಿಬ್ಬರು. ಅದೇ ಸೈಕಲ್ ನಿಲ್ಲಿಸುವ ಶೆಡ್ಡಿನ ವಿಷಯ ಬಂದರೆ ಎಲ್ಲರಿಗೂ ಮಾತು ಬರುತ್ತದೆ. 1999ರ ಅಕ್ಟೋಬರಿನಲ್ಲಿ ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆ ಕಟ್ಟುತ್ತಿದ್ದ ತಂತ್ರಜ್ಞರ ಬಳಗದಲ್ಲಿ, ಕಂಪ್ಯೂಟರನ್ನು ಕೆಲವು ಸೆಕೆಂಡು ಕಾಯಿಸುವ ‘ಸ್ಲೀಪ್’ ಆಜ್ಞೆ ಸೆಕೆಂಡಿನ ಭಾಗಗಳನ್ನೂ ಒಪ್ಪಬೇಕೇ ಎಂಬುದರ ಮೇಲೆ ಪತ್ರಗಳ ಮಳೆ ಸುರಿಯಿತು. ಆಗ ಪೌಲ್-ಹೆನಿಂಗ್ ಕ್ಯಾಂಪ್ ಎಂಬ ಡೆನ್ಮಾರ್ಕಿನ ಪ್ರೋಗ್ರಾಮರ್ ಪಾರ್ಕಿನ್‌ಸನ್ನನ ಶೆಡ್ಡನ್ನೇ ನೆನಪಿಸಿ ಒಂದು ದೀರ್ಘ ಪತ್ರ ಬರೆದ. ಅಂದಿನಿಂದ ಸಾಫ್ಟ್‌ವೇರ್ ಜನರಲ್ಲಿ ಇಂಥ ವಾದಗಳಿಗೆ ಆ ಶೆಡ್ಡಿನ ಹೆಸರೇ ನಿಂತುಬಿಟ್ಟಿದೆ.

ಇನ್ನು ನಮ್ಮ ಕಟ್ಟೆಗೆ ಬರೋಣ. ಕಟ್ಟೆ ಎಂದದ್ದು ಬಾಯಿಮಾತಿಗಲ್ಲ. 2003ರ ಜೂನಿನಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರೆಲ್ಲ ಸೇರಿ ಮಾತಾಡುವ ಪುಟದ ಹೆಸರೇ ‘ಅರಳಿ ಕಟ್ಟೆ’. ತೆಲುಗಿನವರು ಅದನ್ನು ‘ರಚ್ಚಬಂಡ’ ಎನ್ನುತ್ತಾರೆ, ತಮಿಳರದ್ದು ‘ಆಲಮರತ್ತಡಿ’, ಹಿಂದಿಯದ್ದು ‘ಚೌಪಾಲ್’, ಮರಾಠಿಯದ್ದು ‘ಚಾವಡಿ’. ಮಲಯಾಳಿಗಳಂತೂ ಸೀದಾ ‘ಪಂಚಾಯತ್ತ್’ ಎಂದೇ ಇಟ್ಟುಕೊಂಡಿದ್ದಾರೆ. ಈ ಎಲ್ಲ ಭಾಷೆಯವರಿಗೂ ಊರ ಜನ ಕೂಡಿ ಮಾತಾಡುವ ಕೂಟವೇ ನೆನಪಾಗಿದೆ.

ಆದರೆ ನಿಜವಾದ ಕಟ್ಟೆಯಲ್ಲಿ ಜಗಳ ಆರುವ ಬಗೆಯೇ ಬೇರೆ. ತೆಂಗಿನ ತೋಟದ ಬದುವಿನ ವಿಷಯಕ್ಕೆ ಇಬ್ಬರು ದನಿ ಏರಿಸಿದರು ಅನ್ನಿ. ಒಬ್ಬ ಮೇಲೆದ್ದು ಟವೆಲ್ಲು ಕೊಡವಿದ. ಅಷ್ಟರಲ್ಲಿ ಪಕ್ಕದವನು, “ಹೋಗ್ಲಿ ಬಿಡಣ್ಣೋ, ಡೈರಿಗೆ ಹಾಲು ಹಾಕೋ ಹೊತ್ತಾಯ್ತು” ಅನ್ನುತ್ತಾನೆ. ಮಾತು ಅಲ್ಲಿಗೆ ತುಂಡಾಗುತ್ತದೆ. ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ, ಆಡಿದ ಮಾತು ಗಾಳಿಗೆ ಹೋಯಿತು. ನಾಳೆ ಅದೇ ಡೈರಿಯ ಸಾಲಿನಲ್ಲಿ ಕ್ಯಾನು ಹಿಡಿದು ಹಿಂದೆ ಮುಂದೆ ನಿಲ್ಲಬೇಕು ಎಂಬುದು ಇಬ್ಬರಿಗೂ ಗೊತ್ತು. ಪರದೆಯ ಮೇಲಿನ ಕಟ್ಟೆಗೆ ಹಾಲಿನ ಹೊತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಬರೆದದ್ದು ಬೆಳಿಗ್ಗೆಯೂ ಅಷ್ಟೇ ಹಸಿಯಾಗಿ ಕಾದಿರುತ್ತದೆ. ಆರು ತಿಂಗಳ ಹಿಂದಿನ ಮಾತನ್ನು ತಾರೀಖು, ನಿಮಿಷದ ಸಮೇತ ತೆಗೆದು ತೋರಿಸಬಹುದು. ‘ಇತಿಹಾಸ’ ಎಂಬ ಗುಂಡಿ ಒತ್ತಿದರೆ ಸಾಕು, ಯಾರು ಯಾರ ಸಾಲು ಕಿತ್ತರು ಎಂಬುದು ಪೂರಾ ಬಿಚ್ಚಿಕೊಳ್ಳುತ್ತದೆ.

ಹಾಗಂತ ಕಟ್ಟೆಯನ್ನು ತೀರಾ ಹೊಗಳುವಂತಿಲ್ಲ. ಅಲ್ಲಿ ಜಗಳ ಬೇಗ ಮುಗಿಯುತ್ತಿದ್ದುದಕ್ಕೆ ಇನ್ನೊಂದು ಕಾರಣ, ದೊಡ್ಡ ಮನೆಯವರು ಗದರಿದರೆ ಉಳಿದವರು ಬಾಯಿ ಮುಚ್ಚಬೇಕಿತ್ತು. ಕಟ್ಟೆಯ ಮೇಲೆ ಕೂರುವ ಹಕ್ಕೇ ಇಲ್ಲದ ಕೇರಿಗಳಿದ್ದವು, ಹೆಂಗಸರ ಮಾತಂತೂ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ವಿಕಿಪೀಡಿಯದ ಅರಳಿ ಕಟ್ಟೆಯಲ್ಲಿ ಯಾರು ಬೇಕಾದರೂ ಕೂರಬಹುದು. ಮಾತು ಹೆಚ್ಚಾಗುವುದಕ್ಕೆ ಒಂದು ಕಾರಣ ಈ ಒಳ್ಳೆಯ ಗುಣವೇ. ಅದನ್ನು ಬಿಟ್ಟುಕೊಟ್ಟು ಶಾಂತಿ ಕೊಳ್ಳಬೇಕು ಎಂದು ನಾನಂತೂ ಹೇಳಲಾರೆ.

ಬರಹದಲ್ಲಿ ಧ್ವನಿ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಅಷ್ಟಾಗಿ ಗೊತ್ತಿಲ್ಲದ್ದೆಂದರೆ ಅದನ್ನು ನಾವು ಎಷ್ಟು ಮರೆಯುತ್ತೇವೆ ಎಂಬುದು. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಇ-ಮೇಲಿನಲ್ಲಿ ಕೆಲವು ಮಾತನ್ನು ವ್ಯಂಗ್ಯವಾಗಿ, ಕೆಲವನ್ನು ಗಂಭೀರವಾಗಿ ಬರೆಯಲು ಹೇಳಿದ್ದರು. ಓದುವವರಿಗೆ ಯಾವುದು ಯಾವುದೆಂದು ಸುಲಭವಾಗಿ ತಿಳಿಯುತ್ತದೆ ಎಂದು ಬರೆದವರು ನಂಬಿದ್ದರು. ಓದಿದವರು ಸರಿಯಾಗಿ ಹೇಳಿದ್ದು ಅರ್ಧಕ್ಕಿಂತ ತುಸು ಹೆಚ್ಚು ಸಲ ಮಾತ್ರ. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ಕನ್ನಡದಲ್ಲಿ ಇದರ ಮೇಲೆ ಇನ್ನೊಂದು ಕಷ್ಟ ಇದೆ. ‘ನೀವು’ ಹೋಗಿ ‘ನೀನು’ ಬಂದರೆ ಜಗಳ ಬಿಗಡಾಯಿಸಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಅದಕ್ಕಿಂತ ಅಪಾಯದ್ದು ‘ತಾವು’. “ತಾವು ಹಿರಿಯರು, ತಮಗೆ ತಿಳಿಯದ್ದು ಏನಿದೆ” ಎಂದು ಬರೆದವರ ಮೇಲೆ ದೂರು ಕೊಡುವಂತಿಲ್ಲ, ಆದರೆ ಓದಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಇಬ್ಬರೂ ಸರಿ ಇರುವ ಜಗಳಕ್ಕೆ ಕನ್ನಡಿಗರದ್ದೇ ದೊಡ್ಡ ಉದಾಹರಣೆ ಬೆಂಗಳೂರಿನ ಹೆಸರು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ನಮ್ಮ ತುಮಕೂರೂ ಅದರಲ್ಲಿತ್ತು. ಕನ್ನಡದಲ್ಲಿ ಹೆಚ್ಚಿನ ಹೆಸರುಗಳು ಬದಲಾಗಲಿಲ್ಲ, ನಾವು ಮೊದಲಿಂದಲೂ ತುಮಕೂರು ಎಂದೇ ಬರೆಯುತ್ತಿದ್ದೆವು. ಹಾಗಾಗಿ ಕನ್ನಡಿಗರ ಜಗಳ ನಡೆದದ್ದು ಇಂಗ್ಲಿಷ್ ವಿಕಿಪೀಡಿಯದಲ್ಲಿ. ಸರ್ಕಾರದ ಅಧಿಸೂಚನೆಯೇ ಇದೆಯಲ್ಲ ಎಂಬುದು ಒಂದು ಕಡೆಯ ವಾದ. ಅಧಿಕೃತ ಹೆಸರಿಗಿಂತ ಇಂಗ್ಲಿಷಿನಲ್ಲಿ ಹೆಚ್ಚು ರೂಢಿಯಲ್ಲಿರುವ ಹೆಸರೇ ಲೇಖನದ ತಲೆಬರಹವಾಗಬೇಕು ಎಂಬುದು ಆ ವಿಕಿಪೀಡಿಯದ ನಿಯಮ, ಇನ್ನೊಂದು ಕಡೆಯವರು ಅದನ್ನೇ ಹಿಡಿದರು. ಅಧಿಸೂಚನೆ ಬಂದು ವರ್ಷಗಳು ಕಳೆದರೂ ಅಲ್ಲಿ ‘ಬ್ಯಾಂಗಲೋರ್’ ಕದಲಲಿಲ್ಲ. ಹೊಸದಾಗಿ ಬಂದ ಪ್ರತಿಯೊಬ್ಬ ಕನ್ನಡಿಗನೂ ಅದನ್ನು ಕಂಡು ಕೆರಳುತ್ತಿದ್ದ. ಹಳಬರು ಈ ಪ್ರಶ್ನೆಗೆ ನೂರು ಸಲ ಉತ್ತರ ಕೊಟ್ಟು ಬೇಸತ್ತಿದ್ದರು. ಅವನಿಗೆ ಅದು ಮೊದಲ ಸಲ, ಇವರಿಗೆ ನೂರಾ ಒಂದನೆಯ ಸಲ. ಒಬ್ಬನ ಬಿಸಿರಕ್ತಕ್ಕೆ ಇನ್ನೊಬ್ಬನ ಬೇಸರ ಅವಮಾನದಂತೆ ಕಾಣುತ್ತದೆ.

ಇನ್ನೊಂದು ಪ್ರಸಂಗ ಕನ್ನಡ ವಿಕಿಪೀಡಿಯದ ಒಳಗೇ ಆದದ್ದು. 2009ರ ಸುಮಾರಿಗೆ ಗೂಗಲ್ ಕಂಪನಿ ಕೂಲಿ ಕೊಟ್ಟು, ತನ್ನ ಅನುವಾದ ಸಲಕರಣೆ ಬಳಸಿ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು, ಹಿಂದಿ ಮುಂತಾದ ಭಾಷೆಗಳಿಗೆ ತರಿಸತೊಡಗಿತು. ಜನ ಹೆಚ್ಚಾಗಿ ಹುಡುಕುವ ವಿಷಯಗಳೇ ಆಯ್ಕೆಯಾದವು. ಉದ್ದುದ್ದ ಲೇಖನಗಳು ಬಂದು ಬಿದ್ದವು, ಆದರೆ ವಾಕ್ಯಗಳು ಇಂಗ್ಲಿಷಿನ ಮಗ್ಗುಲಲ್ಲೇ ಮಲಗಿದ್ದವು. ಬಂಗಾಳಿ ಬಳಗ ಒಪ್ಪದೆ ತಡೆಯಿತು. ತಮಿಳರು ಕಂಪನಿಯವರನ್ನು ಕೂರಿಸಿಕೊಂಡು ಷರತ್ತು ಹಾಕಿ ಮಾತಾಡಿದರು, 2010ರಲ್ಲಿ ಪೋಲೆಂಡಿನ ಗ್ಡಾನ್‌ಸ್ಕ್ ನಗರದಲ್ಲಿ ನಡೆದ ವಿಕಿಮೇನಿಯಾ ಸಮಾವೇಶದಲ್ಲಿ ತಮ್ಮ ಅನುಭವ ಮಂಡಿಸಿದರು. ಕನ್ನಡದಲ್ಲಿ ಅಷ್ಟು ಗಟ್ಟಿ ಬಳಗ ಆಗ ಇರಲಿಲ್ಲ. ಆ ಲೇಖನಗಳು ಉಳಿದವು, ತಿದ್ದುವವರು ಇಂದಿಗೂ ತಿದ್ದುತ್ತಲೇ ಇದ್ದಾರೆ. ಇಲ್ಲಿಯೂ ಕೂಲಿ ಪಡೆದ ಅನುವಾದಕ ಕಳ್ಳನಲ್ಲ. ಅವನ ಲೆಕ್ಕ ಎಷ್ಟು ಪದ ಆಯಿತು ಎಂಬುದು. ಬಳಗದವರ ಲೆಕ್ಕ ಓದಿದರೆ ಕನ್ನಡ ಅನ್ನಿಸುತ್ತದೆಯೇ ಎಂಬುದು. ಇಬ್ಬರ ಅಳತೆಗೋಲೇ ಬೇರೆ ಎಂಬುದನ್ನು ಲೇಖನ ಬಂದು ಬೀಳುವ ಮೊದಲೇ ಕೂತು ಮಾತಾಡಿದವರು ಬಚಾವಾದರು.

ಮನೆಯ ಅಟ್ಟವೇ ಆಧಾರ ಎಂಬ ಹಂದನಕೆರೆಯವರ ವಾದವೂ ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಅಚ್ಚಾದ ಆಧಾರ ಬೇಕು ಎಂಬ ನಿಯಮ ಲಂಡನ್ನಿನ ಮೊಸರಿಗೆ ಸರಿಹೋಗಬಹುದು. ಅಟ್ಟದ ಗಾಳಿ ಬೆಳಕು, ಯಾವ ತಿಂಗಳ ಕಾಯಿ ಉಂಡೆಗೆ ಒಳ್ಳೆಯದು ಎಂಬುದನ್ನೆಲ್ಲ ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಲಿಯುವುದು ಮನೆಯ ಹಿರಿಯರಿಂದ. ಬೆಂಗಳೂರಿನ ಅಚಲ್ ಪ್ರಭಾಲ 2011ರಲ್ಲಿ ಇದೇ ಪ್ರಶ್ನೆ ಎತ್ತಿ, ಭಾರತ ಮತ್ತು ದಕ್ಷಿಣ ಆಫ್ರಿಕಾದ ಹಳ್ಳಿಗಳಲ್ಲಿ ಜನರ ಬಾಯಿಮಾತನ್ನು ಧ್ವನಿಮುದ್ರಿಸಿ ಅದನ್ನೇ ಆಧಾರವಾಗಿ ಕೊಡುವ ಪ್ರಯೋಗ ಮಾಡಿದರು, ‘ಪೀಪಲ್ ಆರ್ ನಾಲೆಡ್ಜ್’ ಎಂಬ ಚಿತ್ರವನ್ನೂ ತೆಗೆದರು. ಇಂಗ್ಲಿಷ್ ವಿಕಿಪೀಡಿಯದ ಹಳಬರು ಒಪ್ಪಲಿಲ್ಲ. ಬಾಯಿಮಾತನ್ನು ಒಪ್ಪಿದರೆ ಯಾರು ಏನು ಬೇಕಾದರೂ ಹೇಳಿಯಾರು ಎಂಬ ಅವರ ಅಂಜಿಕೆಯೂ ಸುಳ್ಳಲ್ಲ.

ಜಗಳಕ್ಕೆ ಮನುಷ್ಯರ ಅಹಂಕಾರವೇ ಕಾರಣ ಎಂದು ಕೈತೊಳೆದುಕೊಳ್ಳುವವರಿಗೆ ಯಂತ್ರಗಳ ಕಥೆ ಹೇಳಬೇಕು. ವಿಕಿಪೀಡಿಯದಲ್ಲಿ ಕೊಂಡಿ ಸರಿಪಡಿಸುವಂಥ ಚಾಕರಿಗೆ ‘ಬಾಟ್’ ಎಂಬ ಪುಟ್ಟ ಪ್ರೋಗ್ರಾಮುಗಳಿವೆ. ಸಂಶೋಧಕಿ ಮಿಲೇನಾ ತ್ಸ್ವೆಟ್ಕೋವಾ ಮತ್ತು ಸಂಗಡಿಗರು 13 ಭಾಷೆಗಳ ವಿಕಿಪೀಡಿಯಗಳಲ್ಲಿ 2001ರಿಂದ 2010ರವರೆಗೆ ಈ ಬಾಟ್‌ಗಳು ಏನು ಮಾಡಿದವು ಎಂದು ನೋಡಿ 2017ರಲ್ಲಿ ಬರೆದರು: ಇಂಗ್ಲಿಷಿನಲ್ಲಿ ಒಂದು ಬಾಟ್ ಇನ್ನೊಂದರ ಕೆಲಸವನ್ನು ಹತ್ತು ವರ್ಷದಲ್ಲಿ ಸರಾಸರಿ 105 ಸಲ ರದ್ದು ಮಾಡಿತ್ತು, ಮನುಷ್ಯರ ಸರಾಸರಿ ಬರೀ 3. ಪತ್ರಿಕೆಗಳು ಇದನ್ನು ಬಾಟ್‌ಗಳ ಮಹಾಯುದ್ಧ ಎಂದು ಬಣ್ಣಿಸಿದವು. ಅದೇ ವರ್ಷ ಸ್ಟುವರ್ಟ್ ಗೈಗರ್ ಮತ್ತು ಆರನ್ ಹಾಫೇಕರ್ ಆ ಅಂಕಿಅಂಶವನ್ನು ಮತ್ತೆ ಕೆದಕಿ, ಯುದ್ಧವೂ ಇಲ್ಲ ಮಣ್ಣೂ ಇಲ್ಲ, ಬಹುಪಾಲು ದಿನನಿತ್ಯದ ಮನೆಗೆಲಸ ಎಂದು ತೋರಿಸಿದರು. ಪುಟದ ಹೆಸರು ಬದಲಾದಾಗ ಹಳೆಯ ಕೊಂಡಿಯನ್ನು ತೆಗೆದು ಹೊಸದು ಹಾಕುವುದು, ಅಷ್ಟೇ. ಲೆಕ್ಕಕ್ಕೆ ಮಾತ್ರ ಅದೂ ‘ರದ್ದು’.

ಮೊದಲ ವರದಿಗಿಂತ ಎರಡನೆಯದೇ ನಮಗೆ ಹೆಚ್ಚು ಹೇಳುತ್ತದೆ. ಹೊರಗಿನಿಂದ ನೋಡಿದವರಿಗೆ ಮನೆಗೆಲಸವೂ ಜಗಳದಂತೆ ಕಂಡಿತು. ಹೊಸಬನಿಗೆ ಆಗುವುದೂ ಇದೇ. ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ಹೊಸ ತಿದ್ದುಪಡಿಗಳನ್ನು ನೋಡುವ ಹಳಬರಿಗೆ ಆಧಾರವಿಲ್ಲದ ಸಾಲು ಕೀಳುವುದು ಅಂಗಳ ಗುಡಿಸಿದಷ್ಟೇ ಸಹಜ. ಆ ಸಾಲನ್ನು ಒಂದು ಗಂಟೆ ಕೂತು, ಒತ್ತಕ್ಷರಕ್ಕೆ ತಡವರಿಸುತ್ತ ಮೊಬೈಲಿನಲ್ಲಿ ಬರೆದವನಿಗೆ ಅದು ಕಪಾಳಮೋಕ್ಷ. ಹಾಫೇಕರ್ ಮತ್ತು ಜೊತೆಗಾರರೇ 2013ರಲ್ಲಿ ತೋರಿಸಿದಂತೆ ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ ಇಳಿಯತೊಡಗಿತು, ಒಳ್ಳೆಯ ಮನಸ್ಸಿನಿಂದ ಬರೆದ ಹೊಸಬರ ಸಾಲುಗಳು ಸರಸರನೆ ರದ್ದಾಗುತ್ತಿದ್ದುದು ಅದಕ್ಕೆ ಒಂದು ಮುಖ್ಯ ಕಾರಣ. ಅವರಲ್ಲಿ ಬಹಳ ಜನ ಜಗಳವಾಡಲೇ ಇಲ್ಲ. ಬರುವುದನ್ನು ಬಿಟ್ಟರು.

ದೊಡ್ಡ ಬಳಗಗಳು ಜಗಳಕ್ಕೆ ತಡೆಯೊಡ್ಡಲು ನಿಯಮ ಮಾಡಿಕೊಂಡಿವೆ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ತಿದ್ದುಪಡಿ ರದ್ದು ಮಾಡಿದರೆ ಖಾತೆಗೆ ತಡೆ ಬೀಳುತ್ತದೆ, 2004ರಿಂದ ಇಂಗ್ಲಿಷಿನಲ್ಲಿರುವ ನಿಯಮ ಇದು. ಕಟ್ಟೆಯಲ್ಲಿ ಹಾಲಿನ ಹೊತ್ತು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಗಡಿಯಾರ ಮಾಡುತ್ತದೆ. ತೀರಾ ಹೆಚ್ಚಾದರೆ ನಿರ್ವಾಹಕರು ಪುಟಕ್ಕೆ ಬೀಗ ಹಾಕುತ್ತಾರೆ. ಬೀಗ ಬಿದ್ದಾಗ ಪುಟದಲ್ಲಿ ಯಾವ ಕಡೆಯವರ ಬರಹ ಇದ್ದರೂ ಅದು ‘ತಪ್ಪು ಆವೃತ್ತಿ’ಯೇ ಆಗಿರುತ್ತದೆ ಎಂಬ ತಮಾಷೆಯ ಪುಟವೂ ಅವರಲ್ಲಿದೆ. ಮೇಲೆ ಹೇಳಿದ ಗ್ಡಾನ್‌ಸ್ಕ್ ನಗರಕ್ಕೆ ಜರ್ಮನ್ನರು ಡಾನ್‌ಜಿಗ್ ಎನ್ನುತ್ತಿದ್ದರು. ಯಾವ ಹೆಸರು ಬರೆಯಬೇಕು ಎಂಬ ಉಗ್ರ ಕಾಳಗಕ್ಕೆ 2005ರಲ್ಲಿ ಮತ ಹಾಕಿ ತೆರೆ ಎಳೆದರು: 1308ರಿಂದ 1945ರವರೆಗಿನ ಸಂಗತಿ ಬರೆಯುವಾಗ ಡಾನ್‌ಜಿಗ್, ಉಳಿದ ಕಾಲಕ್ಕೆ ಗ್ಡಾನ್‌ಸ್ಕ್. ಯಾರಿಗೂ ಪೂರ್ತಿ ಖುಷಿಯಾಗಲಿಲ್ಲ, ಆದರೆ ಇಬ್ಬರಿಗೂ ಹಿಡಿದುಕೊಳ್ಳಲು ಒಂದಷ್ಟು ವರ್ಷ ಸಿಕ್ಕವು.

ಇವನ್ನೆಲ್ಲ ಕನ್ನಡಕ್ಕೆ ತರಬಹುದೇ? ಇಂಗ್ಲಿಷಿನಲ್ಲಿ 2004ರಿಂದಲೂ ಜಗಳ ಬಗೆಹರಿಸಲೆಂದೇ ಒಂದು ಪಂಚಾಯಿತಿ ಮಂಡಳಿ ಇದೆ. ಕನ್ನಡದಲ್ಲಿ ಇಲ್ಲ. ಲೇಖನಗಳು ಮೂವತ್ತು ಸಾವಿರ ದಾಟಿದರೂ ನಿರ್ವಾಹಕರು ಬೆರಳೆಣಿಕೆಯಷ್ಟು. ಮಂಡಳಿ ಮಾಡಿದರೆ ಅದರಲ್ಲಿ ಕೂರುವವರು, ಜಗಳವಾಡುವವರು, ಸಾಕ್ಷಿ ಹೇಳುವವರು ಎಲ್ಲ ಅದೇ ನಾಲ್ಕಾರು ಜನ. ಅವರಲ್ಲಿ ಇಬ್ಬರು ಮುನಿಸಿಕೊಂಡರೆ ಒಂದು ಇಡೀ ವಿಷಯದ ಲೇಖನಗಳು ಅನಾಥವಾಗುತ್ತವೆ.

ನಮಗೆ ಹೊಂದುವುದು ಬಹುಶಃ ಇನ್ನೊಂದು. 2012ರಲ್ಲಿ ಇಂಗ್ಲಿಷ್ ವಿಕಿಪೀಡಿಯದವರು ಹೊಸಬರಿಗೆಂದೇ ‘ಟೀ ಹೌಸ್’ ಎಂಬ ಪುಟ ತೆರೆದರು. ಎಷ್ಟು ಪೆದ್ದು ಪ್ರಶ್ನೆ ಕೇಳಿದರೂ ಅಲ್ಲಿ ನಿಯಮದ ಹೆಸರು ಹೇಳಿ ಗದರುವಂತಿಲ್ಲ, ಬಿಡಿಸಿ ಹೇಳಬೇಕು. ಅಲ್ಲಿಗೆ ಕರೆಸಿಕೊಂಡ ಹೊಸಬರು ಹೆಚ್ಚು ಕಾಲ ಉಳಿದರು ಎಂದು 2018ರ ಅಧ್ಯಯನವೊಂದು ಕಂಡುಕೊಂಡಿದೆ. ಅದಕ್ಕೆ ಮಂಡಳಿ ಬೇಡ, ಚುನಾವಣೆ ಬೇಡ, ದಿನಕ್ಕೆ ಅರ್ಧ ಗಂಟೆ ಕೊಡುವ ಇಬ್ಬರು ಸಾಕು. ಸದ್ಯಕ್ಕೆ ಕನ್ನಡದ ಹೊಸಬ ತನ್ನ ಸಾಲು ಎಲ್ಲಿ ಹೋಯಿತು ಎಂದು ಕೇಳಲು ಅರಳಿ ಕಟ್ಟೆಗೆ ಬಂದರೆ, ವಿಕಿಪೀಡಿಯವನ್ನು ನಡೆಸುವ ಪ್ರತಿಷ್ಠಾನದವರು ಎಲ್ಲ ಭಾಷೆಗಳ ಕಟ್ಟೆಗೂ ಒಟ್ಟಿಗೆ ಕಳಿಸುವ ಇಂಗ್ಲಿಷ್ ಪ್ರಕಟಣೆಗಳನ್ನು ಒಂದೊಂದಾಗಿ ದಾಟಿಕೊಂಡು ಬಂದು ತನ್ನ ಪ್ರಶ್ನೆಗೆ ಜಾಗ ಹುಡುಕಬೇಕು.